ಬ್ರೇಕ್ ತುಳಿದ ಕಾಲು ಯಾರದು

ಸವೆದ ಬ್ರೇಕ್ ಪ್ಯಾಡ್ ಕೈಗೆ ಕೊಟ್ಟರೆ ಅದನ್ನು ತುಳಿದವರು ಎಂಥವರು ಎಂದು ಹೇಳಿಬಿಡುತ್ತೇನೆ. ಜಂಬವಲ್ಲ, ಹೊಟ್ಟೆಪಾಡು. ಅಂಜುಬುರುಕರ ಪ್ಯಾಡು ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತದೆ. ಅವರು ದಾರಿಯುದ್ದಕ್ಕೂ ಬ್ರೇಕನ್ನು ಸವರುತ್ತಲೇ ಇರುತ್ತಾರೆ, ಒತ್ತುವುದೇ ಇಲ್ಲ. ಮುಂಗೋಪಿಗಳ ಪ್ಯಾಡಿನ ಅಂಚು ಉದುರಿ ಪುಡಿಪುಡಿಯಾಗಿರುತ್ತದೆ. ಗಂಡ ಹೆಂಡತಿ ಇಬ್ಬರೂ ಓಡಿಸುವ ಕಾರು ಬಂದರೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎನ್ನುವುದೂ ಒಂದಷ್ಟು ಗೊತ್ತಾಗುತ್ತದೆ. ಅದನ್ನೆಲ್ಲ ಗಿರಾಕಿಗಳ ಮುಂದೆ ಬಾಯಿಬಿಡಲು ನನಗೇನು ತಲೆ ಕೆಟ್ಟಿದೆಯೇ?

ನನ್ನ ಹೆಂಡತಿಯ ಕಾಲಂತೂ ನನಗೆ ಅವಳ ಮುಖಕ್ಕಿಂತ ಚೆನ್ನಾಗಿ ಗೊತ್ತು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಹಗಲೆಲ್ಲ ಕಲಿಯುವವರ ಪಕ್ಕದಲ್ಲಿ ಕೂತು, ಕಲಿಸುವವರಿಗೆಂದೇ ಇಟ್ಟಿರುವ ಎರಡನೇ ಬ್ರೇಕಿನ ಮೇಲೆ ಕಾಲನ್ನು ತೂಗಿಸಿಕೊಂಡು, ಯಾವ ಪುಣ್ಯಾತ್ಮ ಯಾವ ಕಂಬಕ್ಕೆ ಗುದ್ದುತ್ತಾನೋ ಎಂದು ಕಾಯುವುದೇ ಅವಳ ಕೆಲಸ. ಆ ಅಭ್ಯಾಸ ಮೈಗಂಟಿ ಹೋಗಿದೆ. ತನ್ನ ಕಾರಿನಲ್ಲೂ ಅವಳು ಬ್ರೇಕನ್ನು ಎರಡು ಸಲ ಮುಟ್ಟುತ್ತಾಳೆ. ಮೊದಲು ಇದೆಯೋ ಇಲ್ಲವೋ ಎಂದು ನೋಡುವ ಹಾಗೆ ಒಂದು ಸವರು, ಆಮೇಲೆ ಒತ್ತು.

ತನ್ನ ಕಾರು ಎಂದರೆ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿರುವ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಯಾರೋ ಓಡಿಸಿ ಬಿಟ್ಟದ್ದನ್ನು ಇಬ್ಬರೂ ಆಸೆಪಟ್ಟು ತಂದೆವು. ಊರಾಚೆ ರೇಸ್ ಟ್ರ್ಯಾಕ್ ಇದೆ. ರೇಸ್ ಇಲ್ಲದ ದಿನಗಳಲ್ಲಿ ಯಾರು ಬೇಕಾದರೂ ತಮ್ಮ ಕಾರು ತಂದು, ಪೊಲೀಸರ ಕಾಟವಿಲ್ಲದೆ, ಮನಸಾರೆ ಓಡಿಸಿಕೊಂಡು ಹೋಗಬಹುದು. ಅಂಥ ದಿನಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಓಡಿಸುವುದು ಅವಳು, ಬ್ರೇಕ್ ನನ್ನದು. ಪಕ್ಕದ ಸೀಟಿನಲ್ಲಿ ನಾನು ಒಮ್ಮೆಯೂ ಕೂತವನಲ್ಲ. ಕಾರಿನಲ್ಲಿ ಏನೇನು ಮುರಿಯಬಹುದು ಎಂದು ಗೊತ್ತಿರುವವನು ಅಲ್ಲಿ ಕೂರುವುದಿಲ್ಲ.

ಆದರೆ ಓಡಿಸಿ ಬಂದ ಮೇಲಿನ ಹೊತ್ತು ನಮ್ಮದು. ನಾನು ಚಕ್ರ ಬಿಚ್ಚಿ, ಪ್ಯಾಡನ್ನು ಹಿಡಿದಿಟ್ಟಿರುವ ಪಿನ್ ಎಳೆದು, ಬೆಚ್ಚಗಿರುವಾಗಲೇ ಪ್ಯಾಡನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಅವಳು ಟೈರಿನ ಮೇಲೆ ಕೂತು ನೀರು ಕುಡಿಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

"ಟ್ರ್ಯಾಕಿನ ಉದ್ದ ದಾರಿ ಮುಗಿದು ತಿರುವು ಬರೋ ಹತ್ರ ಇವತ್ತೂ ಹೆದರಿದೆ ಅಲ್ವಾ?" ಎನ್ನುತ್ತಿದ್ದೆ.

"ಅದ್ಹೇಗೆ ಗೊತ್ತಾಗುತ್ತೆ ನಿಂಗೆ? ನಾಚ್ಕೆ ಆಗುತ್ತೆ, ಇಡು ಕೆಳಗೆ!" ಎಂದು ನಗುತ್ತಿದ್ದಳು.

ಜನ ಸಿನಿಮಾಕ್ಕೆ ಹೋಗುತ್ತಾರೆ, ಸಮುದ್ರದ ದಂಡೆಗೆ ಹೋಗುತ್ತಾರೆ. ನಮಗೆ ಇದು. ಹೀಗೆ ಚೆನ್ನಾಗಿದ್ದ ಸಂಸಾರಕ್ಕೆ ಗಾಳಿ ಮೇಷ್ಟ್ರು ಬಂದರು.

ಆ ಹೆಸರಿಟ್ಟವನು ನಾನೇ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದವರು ಅದನ್ನು ಬಿಟ್ಟು, ಒಂದು ಬಾಡಿಗೆ ಶೆಡ್ಡಿನಲ್ಲಿ ಕಾರುಗಳಿಗೆ ರೆಕ್ಕೆ ಮಾಡಿಕೊಡುತ್ತಿದ್ದರು. ಕಾರಿಗೆ ರೆಕ್ಕೆ! ಗೇಲಿ ಮಾಡಲೆಂದು ನಾನು ಇಟ್ಟ ಹೆಸರನ್ನು ಟ್ರ್ಯಾಕಿನ ಜನ ಗೌರವದಿಂದ ಕರೆಯತೊಡಗಿದರು. ನನಗೆ ಮೊದಲು ಹೊಟ್ಟೆ ಉರಿದದ್ದೇ ಅಲ್ಲಿ. ವಯಸ್ಸು ನನಗಿಂತ ಕಡಿಮೆ, ಮದುವೆಯಿಲ್ಲ, ದನಿ ಮೆತ್ತಗೆ, ಉಗುರು ಬೆಳ್ಳಗೆ. ಉಗುರಿನಲ್ಲಿ ಮಸಿಯಿಲ್ಲದ ಗಂಡಸನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಅವರನ್ನು ಶೆಡ್ಡಿಗೆ ಕರೆತಂದವಳು ನನ್ನ ಹೆಂಡತಿ. "ನಮ್ಮ ಕಾರಿಗೂ ಒಂದು ರೆಕ್ಕೆ ಹಾಕಿಸೋಣ ಕಣೋ. ಮೇಷ್ಟ್ರು ನೋಡ್ತೀನಿ ಅಂದ್ರು" ಎಂದಳು. ನಾನು ಹ್ಞೂಂ ಎಂದೆ. ಬೇಡ ಎನ್ನಲು ಒಂದು ಕಾರಣ ಬೇಕಲ್ಲ, ಹುಡುಕಿದೆ, ಸಿಗಲಿಲ್ಲ.

ಮೊದಲ ದಿನವೇ ಅವರು ಉಣ್ಣೆಯ ನೂಲು ಕೇಳಿದರು. ನಮ್ಮ ಜೊತೆಗೇ ಇರುವ ನನ್ನ ಅತ್ತೆ ಸದಾ ಏನಾದರೊಂದು ಹೆಣೆಯುತ್ತಾರೆ, ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಾರೆ. ಅವರ ಬುಟ್ಟಿಯಿಂದ ಕೆಂಪು ಉಂಡೆ ಶೆಡ್ಡಿಗೆ ಬಂತು. ನೂಲನ್ನು ಬೆರಳುದ್ದ ತುಂಡು ಮಾಡಿ, ಕಾರಿನ ಮೈಮೇಲೆಲ್ಲ ಟೇಪಿನಿಂದ ಅಂಟಿಸಿದರು. ನನ್ನ ಹೆಂಡತಿ ಒಂದು ಕಡೆ ಮಂಡಿಯೂರಿ, ಮೇಷ್ಟ್ರು ಇನ್ನೊಂದು ಕಡೆ ಮಂಡಿಯೂರಿ. ಅವಳು ಟೇಪು ಹರಿದು ಕೊಡುವುದು, ಅವರು ಅಂಟಿಸುವುದು. ಬೆರಳಿಗೆ ಬೆರಳು ತಾಗುತ್ತಿತ್ತು. ನಾನು ಎಣ್ಣೆ ಡಬ್ಬಿ ಎತ್ತಿಕೊಂಡು ಮೂರು ಸಲ ಅವರ ಮಧ್ಯದಿಂದಲೇ ಹಾದುಹೋದೆ.

"ಕಾರು ಓಡುವಾಗ ನೂಲು ಮೈಗಂಟಿ ಮಲಗಿದ್ರೆ ಗಾಳಿ ಸರಿಯಾಗಿ ಹರೀತಿದೆ ಅಂತ. ನೂಲು ಕುಣಿದ್ರೆ ಅಲ್ಲಿ ಗಾಳಿ ಕೈಕೊಡ್ತಿದೆ ಅಂತ" ಎಂದರು ಮೇಷ್ಟ್ರು. ಆಮೇಲೆ ರೆಕ್ಕೆಯ ವಿಷಯ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿ ಹಿಂದೆ ಕೂರಿಸಿದ ಹಾಗೆ. ವೇಗ ಹೆಚ್ಚಿದಷ್ಟೂ ಗಾಳಿಯೇ ಕಾರನ್ನು ನೆಲಕ್ಕೆ ಅದುಮುತ್ತದೆ. ಹಿಂದೆ ಮಾತ್ರ ಅದುಮಿದರೆ ಮುಂಭಾಗ ಹಗುರವಾಗಿ ಕಾರು ತಿರುಗಲು ಒಪ್ಪುವುದಿಲ್ಲ, ಅದಕ್ಕೆ ಮುಂದಿನ ಬಂಪರಿನ ಕೆಳಗೂ ನೆಲಕ್ಕೆ ಸಮನಾಗಿ ಒಂದು ಹಲಗೆ ಬೇಕು. "ಆದ್ರೆ ವೇಗ ಇಳಿದ್ರೆ ಅದುಮೋದೂ ಇಳಿಯುತ್ತೆ. ಅದಕ್ಕೇ ಬ್ರೇಕ್ ಒತ್ತೋ ಕ್ರಮಾನೇ..." ಎಂದು ಅವರು ಇನ್ನೂ ಏನೋ ಹೇಳಿದರು. ಬ್ರೇಕಿನ ಮಾತು, ನಾನು ಕೇಳಬೇಕಿತ್ತು. ಆದರೆ ನಾನು ನೋಡುತ್ತಿದ್ದದ್ದು ನನ್ನ ಹೆಂಡತಿಯ ಮುಖವನ್ನು. ಬಾಯಿ ತುಸು ತೆರೆದು, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ನಾನು ಬ್ರೇಕ್ ಆಯಿಲ್ ಬಗ್ಗೆ ಹೇಳುವಾಗ ಅವಳು ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಸಂಜೆ ಅತ್ತೆ ಬಾಗಿಲಿಗೆ ಬಂದು, ನೂಲಂಟಿಸಿಕೊಂಡ ಕಾರನ್ನೂ ಮಗಳನ್ನೂ ನೋಡಿ, "ಅಳಿಯಂದ್ರೇ, ನನ್ನ ಮಗಳಿಗೆ ಗಾಳಿ ಹಿಡಿದಿದೆ. ಬಿಡಿಸೋರು ಯಾರಾದ್ರೂ ಇದ್ರೆ ನೋಡಿ" ಎಂದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರೂ ನಕ್ಕರು. ನಾನು ಸ್ಪ್ಯಾನರ್ ಹುಡುಕುತ್ತಿರುವ ಹಾಗೆ ಬೆಂಚಿನ ಕೆಳಗೆ ಬಗ್ಗಿದೆ.

ಆಮೇಲೆ ವಾರಗಟ್ಟಲೆ ಅದೇ. ಊಟಕ್ಕೆ ಕೂತರೆ ರೆಕ್ಕೆ, ಮಲಗುವಾಗ ಹಲಗೆ. "ಮೇಷ್ಟ್ರು ಏನಂದ್ರು ಗೊತ್ತಾ" ಎಂದು ಅವಳು ಶುರುಮಾಡಿದರೆ ನಾನು ತಟ್ಟೆ ಎತ್ತಿಕೊಂಡು ಏಳುತ್ತಿದ್ದೆ. ನಾನೂ ಸುಮ್ಮನಿರಲಿಲ್ಲ. ಮುಂದಿನ ಬ್ರೇಕಿಗೆ ತಂಪುಗಾಳಿ ಹೋಗಲು ಬಂಪರಿನಲ್ಲಿ ನಾನು ಎರಡು ತೂತು ಮಾಡಿ, ಹೋಸ್ ಜೋಡಿಸಿದ್ದೆ. ಗಾಳಿ ಅಲ್ಲಿ ಪೋಲಾಗುತ್ತದೆ, ಒಂದನ್ನು ಮುಚ್ಚೋಣ ಎಂದರು ಮೇಷ್ಟ್ರು.

"ಮೂಗು ಮುಚ್ಚಿಕೊಂಡು ಓಡು ಅಂದ ಹಾಗಾಯ್ತು. ಬ್ರೇಕ್ ಕಾದು ಕೆಂಪಾದ್ರೆ ನಿಮ್ಮ ರೆಕ್ಕೆ ಹಾರಿ ಬಂದು ಹಿಡಿಯುತ್ತಾ?" ಎಂದೆ.

"ಸರಿ ಸಾರ್, ಎರಡೂ ಇರ್ಲಿ. ಬ್ರೇಕಿನ ವಿಷಯದಲ್ಲಿ ನಿಮ್ಮ ಮಾತೇ ಕೊನೆ" ಎಂದುಬಿಟ್ಟರು. ಕಾಲು ಕೆರೆದು ಜಗಳಕ್ಕೆ ಹೋದವನಿಗೆ ಎದುರಿನವನು ಕೈಮುಗಿದರೆ ಎಷ್ಟು ಮೈ ಉರಿಯುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಇನ್ನೊಂದು ದಿನ, ರೆಕ್ಕೆ ಕೂತ ಮೇಲೆ ಹಿಂದಿನ ಚಕ್ರಗಳಿಗೆ ಹಿಡಿತ ಹೆಚ್ಚಾಗುತ್ತದೆ, ಬ್ರೇಕಿನ ಒತ್ತಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡಬಹುದಾ ಎಂದು ಕೇಳಿದರು. ಸರಿಯಾದ ಮಾತೇ. ಮುಂದಕ್ಕೂ ಹಿಂದಕ್ಕೂ ಬ್ರೇಕ್ ಹಂಚುವ ತಿರುಪು ಪೆಡಲಿನ ಹತ್ತಿರ ಇರುತ್ತದೆ. ಆಗಲ್ಲ ಎಂದೆ. ಅವರು ಹೋದ ಮೇಲೆ ತಿರುಪನ್ನು ಎರಡು ಸುತ್ತು ತಿರುಗಿಸಿ, ನನಗೇ ಹೊಳೆದದ್ದು ಎಂಬ ಹಾಗೆ ಹೆಂಡತಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, ಬೆನ್ನು ತಟ್ಟಿ ಹೋದಳು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಒಂದು ಸಂಜೆ ಬಿಡಿಭಾಗ ತರಲು ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಅವಳ ಸ್ಕೂಲಿನ ಕಾರು ಎದುರಿಗೆ ಬಂತು. ಸ್ಟೀರಿಂಗ್ ಹಿಡಿದಿದ್ದವರು ಮೇಷ್ಟ್ರು. ಪಕ್ಕದಲ್ಲಿ ನನ್ನ ಹೆಂಡತಿ, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಆ ಕಾರನ್ನು ಅವಳು ನನಗೂ ಮುಟ್ಟಗೊಡುವುದಿಲ್ಲ, ಸ್ಕೂಲಿನದು, ನಿಯಮ ಎನ್ನುತ್ತಾಳೆ. ಇವರಿಗೆ ಮಾತ್ರ ತಿರುಗಾಡಲು ಕೊಟ್ಟಿದ್ದಾಳೆ!

ಊಟದ ಹೊತ್ತಿಗೆ ಕೇಳಿದೆ. "ಸಂಜೆ ಎಲ್ಲಿದ್ದೆ?"

"ಸ್ವಲ್ಪ ಕೆಲಸ ಇತ್ತು" ಎಂದಳು. ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಮೇಲೆ ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಆ ಭಯ. ನನ್ನ ಹೆಂಡತಿ ನನ್ನ ಕೈಬಿಟ್ಟು ಹೋಗುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಗಿತ್ತು. ಶೆಡ್ಡಿನಲ್ಲಿ ಕೂತು ಬೇರೆಯವರ ಕಾರಿನ ಪ್ಯಾಡು ಉಜ್ಜುತ್ತ, ಮೇಷ್ಟ್ರ ಬೆಳ್ಳನೆಯ ಉಗುರು ನೆನೆಸಿಕೊಂಡು ಹಲ್ಲು ಕಡಿಯುತ್ತಿದ್ದೆ.

ಟ್ರ್ಯಾಕ್ ಡೇ ಬಂತು. ಅತ್ತೆಯೂ ಹೆಣಿಗೆಯ ಬುಟ್ಟಿ ಹಿಡಿದು ನಮ್ಮ ಜೊತೆ ಬಂದರು. ತಗಡಿನ ಮಾಡಿನ ಕೆಳಗೆ ನಮ್ಮ ಕಾರು ಹೊಸ ರೆಕ್ಕೆ, ಹೊಸ ಹಲಗೆ, ಅತ್ತೆಯ ಕೆಂಪು ನೂಲುಗಳ ಸಮೇತ ನಿಂತಿತ್ತು. ಜನ ಬಂದು ಬಂದು ರೆಕ್ಕೆಯನ್ನು ಮುಟ್ಟಿ ನೋಡುತ್ತಿದ್ದರು. ಬ್ರೇಕನ್ನು ಯಾರು ಮುಟ್ಟಿ ನೋಡುತ್ತಾರೆ! ನಾನು ಹೊಸ ಪ್ಯಾಡು ಹಾಕಿ, ಪ್ಯಾಡು ಅದುಮಿ ಹಿಡಿಯುವ ಡಿಸ್ಕಿನ ಅಂಚಿಗೆ ಶಾಖ ತೋರಿಸುವ ಬಣ್ಣದ ಮೂರು ಗೆರೆ ಎಳೆದೆ. ಹಸಿರು, ಕಿತ್ತಳೆ, ಕೆಂಪು. ಡಿಸ್ಕು ಕಾದಂತೆ ಒಂದೊಂದೇ ಗೆರೆ ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತದೆ. ನನ್ನ ಹೆಂಡತಿ ಓಡಿಸಿದಾಗ ಇದುವರೆಗೆ ಹಸಿರು ಮಾತ್ರ ಬಿಳಿಚಿದೆ, ಕಿತ್ತಳೆಯ ತಂಟೆಗೆ ಅವಳು ಹೋದವಳಲ್ಲ.

ಆಗ ನೋಡಿದರೆ ಹೊಸ ಹಲಗೆಗೆ ತಾಗಿ ನನ್ನ ತಂಪುಗಾಳಿಯ ಹೋಸಿನ ಒಂದು ಕ್ಲಿಪ್ಪು ಮುರಿದಿತ್ತು. ಬೇಕಾದ ಅಳತೆಯದು ಪೇಟೆಯಲ್ಲೇ ಸಿಗಬೇಕು. ಸದ್ಯಕ್ಕೆ ತಂತಿಯಿಂದ ಬಿಗಿದೆ. "ನಾನು ಬರೋವರ್ಗೂ ನಿಧಾನಕ್ಕೆ ಓಡ್ಸು" ಎಂದು ಹೇಳಿ ವ್ಯಾನು ಹತ್ತಿದೆ. ಕನ್ನಡಿಯಲ್ಲಿ ಅವರಿಬ್ಬರೂ ತಲೆಗೆ ತಲೆ ಕೊಟ್ಟು ಕಾರಿನ ಮೇಲೆ ಬಗ್ಗಿದ್ದು ಕಂಡಿತು.

ಕ್ಲಿಪ್ಪು ಹಿಡಿದು ವಾಪಸಾದಾಗ ಕಾರು ಆಗಷ್ಟೇ ಒಳಗೆ ಬಂದು ನಿಂತಿತ್ತು, ಬ್ರೇಕಿನಿಂದ ಕಾದ ವಾಸನೆ. ಇಬ್ಬರೂ ಇಳಿದಾಗಿತ್ತು. ಮೇಷ್ಟ್ರು ಹೆಲ್ಮೆಟ್ ತೆಗೆಯುತ್ತಿದ್ದರು. ಮುಖ ಕೆಂಪಗಾಗಿ, ಕೂದಲು ಹಣೆಗಂಟಿ, ಏನೋ ಗೆದ್ದು ಬಂದವರ ಹಾಗೆ ನಗುತ್ತಿದ್ದರು. ನನ್ನ ಹೆಂಡತಿ ಅವರ ಹೆಗಲ ಮೇಲೆ ಕೈಯಿಟ್ಟು ತಾನೂ ನಗುತ್ತಿದ್ದಳು. ನನ್ನನ್ನು ಕಂಡದ್ದೇ, "ಬಂದ್ಯಾ! ಮೊದ್ಲು ಚಕ್ರ ಬಿಚ್ಚು, ಪ್ಯಾಡ್ ನೋಡು" ಎಂದಳು. ಹಾಗೆ ಹೇಳಿ ಟೈರಿನ ಮೇಲೆ ಕೂತು ನನ್ನ ಮುಖವನ್ನೇ ನೋಡತೊಡಗಿದಳು.

ಬಿಚ್ಚಿದೆ. ಮೂರೂ ಗೆರೆ ಬಿಳಿಚಿದ್ದವು, ಕೆಂಪು ಕೂಡ. ಪ್ಯಾಡನ್ನು ದಪ್ಪ ಬಟ್ಟೆಯಲ್ಲಿ ಎಳೆದು ಬೆಳಕಿಗೆ ಹಿಡಿದೆ. ಮಿಂಚಿಲ್ಲ, ಸವರಿದ ಗುರುತಿಲ್ಲ. ಬೂದಿಯ ಬಣ್ಣಕ್ಕೆ ತಿರುಗಿ, ಎಲ್ಲ ಕಡೆ ಒಂದೇ ಸಮನಾಗಿ, ಒರಟೊರಟಾಗಿ ಸವೆದಿತ್ತು. ಯಾರೋ ಧೈರ್ಯವಂತ, ಮೊದಲ ಒತ್ತಿಗೇ ಇದ್ದ ಬಲವನ್ನೆಲ್ಲ ಹಾಕಿ, ಆಮೇಲೆ ಹದವಾಗಿ ಕಾಲು ಸಡಿಲಿಸಿದ್ದ. ಇಷ್ಟು ಚಂದದ ಪ್ಯಾಡನ್ನು ನಾನು ನನ್ನ ಕಸುಬಿನಲ್ಲಿ ಹೆಚ್ಚು ಕಂಡಿಲ್ಲ. ಹಾಗಾಗಿ ಇನ್ನಷ್ಟು ಉರಿಯಿತು. ಗೋದಾಮಿನ ಹಿಂದಿನ ರಸ್ತೆ ಕಣ್ಣ ಮುಂದೆ ಬಂತು.

"ಮೇಷ್ಟ್ರೇ" ಎಂದೆ. ಪಕ್ಕದ ಮಾಡಿನವರೂ ತಿರುಗಿ ನೋಡುವಷ್ಟು ಜೋರಾಗಿಯೇ ಎಂದೆ. "ಭಾರಿ ಚೆನ್ನಾಗಿ ಓಡಿಸ್ತೀರಿ. ನನ್ನ ಹೆಂಡ್ತಿ ಕಾರು ಕೊಡೋದು ನಿಮಗೇನೂ ಹೊಸದಲ್ಲ ಬಿಡಿ."

"ನಾನಾ?" ಎಂದರು ಮೇಷ್ಟ್ರು. ನಗು ಇನ್ನೂ ಮುಖದ ಮೇಲೆಯೇ ಇತ್ತು.

"ಏನು ಹೇಳ್ತಿದ್ದೀಯ ನೀನು?" ಎಂದಳು ಹೆಂಡತಿ.

ಪ್ಯಾಡನ್ನು ಅವಳ ಮುಂದೆ ಹಿಡಿದೆ. "ಇದು ನಿನ್ನ ಕಾಲಲ್ಲ. ಯಾರ ಹತ್ರ ಬೇಕಾದ್ರೂ ಸುಳ್ಳು ಹೇಳು, ಪ್ಯಾಡ್ ಕೈಲಿ ಹಿಡ್ಕೊಂಡಿರೋನ ಹತ್ರ ಹೇಳ್ಬೇಡ. ನಿನ್ನ ಜನ್ಮದಲ್ಲಿ ನೀನು ಹೀಗೆ ಬ್ರೇಕ್ ಒತ್ತಿಲ್ಲ. ಗೋದಾಮಿನ ಹಿಂದೆ ನಿನ್ನ ಸ್ಕೂಲ್ ಕಾರು ಓಡಿಸ್ತಿದ್ದೋರು ಯಾರು ಅಂತಾನೂ ನೋಡಿದ್ದೀನಿ. ಇಲ್ಲೂ ಅವರಿಗೇ ಕೊಟ್ಟಿದ್ದೀಯ."

ಅತ್ತೆಯ ಹೆಣಿಗೆ ಕಡ್ಡಿಗಳು ನಿಂತವು. ಮೇಷ್ಟ್ರ ಮುಖದ ಕೆಂಪು ಕಿವಿಗೇರಿತು. ಮೆತ್ತಗಿನ ದನಿ ಇನ್ನೂ ಮೆತ್ತಗಾಯಿತು. "ಸಾರ್, ನನಗೆ ಕಾರು ಓಡಿಸೋಕೆ ಬರಲ್ಲ. ಲೈಸೆನ್ಸ್ ಇಲ್ಲ. ಟೆಸ್ಟಲ್ಲಿ ಫೇಲ್ ಆಗ್ತಾನೇ ಇದ್ದೀನಿ. ಸಂಜೆ ಹೊತ್ತು ಮೇಡಂ ಹತ್ರ ಕಲೀತಿದ್ದೀನಿ. ಕಾರಿಗೆ ರೆಕ್ಕೆ ಮಾಡೋನಿಗೆ ಕಾರೇ ಬರಲ್ಲ ಅಂತ ಗೊತ್ತಾದ್ರೆ ನಗ್ತಾರೆ, ಯಾರಿಗೂ ಹೇಳ್ಬೇಡಿ ಅಂತ ನಾನೇ ಕೇಳ್ಕೊಂಡಿದ್ದೆ." ಸುತ್ತ ನಿಂತವರನ್ನು ಒಮ್ಮೆ ನೋಡಿದರು. "ಈಗ ನಾನು ಪಕ್ಕದಲ್ಲಿ ಕೂತು ನೂಲು ನೋಡ್ತಿದ್ದೆ, ಅಷ್ಟೇ."

ಇಂಗು ತಿಂದ ಮಂಗನ ಹಾಗೆ ನಿಂತೆ. ಆದರೂ ಪ್ಯಾಡು ಕೈಯಲ್ಲಿತ್ತಲ್ಲ, ಬಾಯಿ ಸುಮ್ಮನಿರಲಿಲ್ಲ. "ಹಾಗಾದ್ರೆ ಇದು?"

"ನಂದು" ಎಂದಳು ಹೆಂಡತಿ. ಟೈರಿನ ಮೇಲಿಂದ ಎದ್ದಿರಲಿಲ್ಲ. "ರೆಕ್ಕೆ ಇರೋವಾಗ ವೇಗದಲ್ಲೇ ಕಾರು ನೆಲಕ್ಕೆ ಗಟ್ಟಿಯಾಗಿ ಕೂತಿರುತ್ತೆ. ಮೊದ್ಲೇ ಪೂರ್ತಿ ಒತ್ತಬೇಕು, ಆಮೇಲೆ ವೇಗ ಇಳಿದಂಗೆ ಕಾಲು ಬಿಡ್ತಾ ಬರ್ಬೇಕು. ಮೇಷ್ಟ್ರು ಅವತ್ತು ನಿನ್ನ ಮುಂದೇನೇ ಹೇಳಿದ್ರು. ನಿನಗೆ ಕೇಳಿಸ್ಲಿಲ್ವಾ?"

ನಾನು ಪ್ಯಾಡನ್ನು ತಿರುಗಿಸಿ ಮತ್ತೆ ಬೆಳಕಿಗೆ ಹಿಡಿದೆ.

"ನಿಧಾನಕ್ಕೆ ಓಡ್ಸು ಅಂದಿದ್ದೆ, ಗೊತ್ತು. ಆದ್ರೆ ಇವತ್ತು ಮೊದಲ್ನೇ ಸಲ ನನಗೆ ಹೆದರಿಕೆ ಆಗ್ಲಿಲ್ಲ. ಉದ್ದ ದಾರಿ ಮುಗಿಯೋವರ್ಗೂ ಹೋಗಿ ಒತ್ತಿದೆ. ಮತ್ತೆ ಮತ್ತೆ ಹೋಗಿ ಒತ್ತಿದೆ. ಬಾಯಲ್ಲಿ ಹೇಳಬಾರದು, ನೀನೇ ಪ್ಯಾಡ್ ನೋಡಿ ಹೇಳ್ಬೇಕು ಅಂತ ಕಾಯ್ತಾ ಕೂತಿದ್ದೆ. ಈ ಜಗತ್ತಲ್ಲಿ ಅದನ್ನ ನೋಡಿ ಹೇಳೋಕೆ ಬರೋನು ನೀನೊಬ್ನೇ ಅಲ್ವಾ." ನನ್ನ ಕೈಯಲ್ಲಿದ್ದ ಪ್ಯಾಡನ್ನು ನೋಡಿದಳು. "ಚೆನ್ನಾಗಿದೆ ಅಂತ ಕಂಡಿದ್ದೇ ತಡ, ನನ್ನದಲ್ಲ ಅಂದುಬಿಟ್ಟೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ನನ್ನ ಕೈಯಿಂದ ಬಟ್ಟೆಯ ಸಮೇತ ಪ್ಯಾಡು ತೆಗೆದುಕೊಂಡು ಅದರ ಜಾಗಕ್ಕೆ ಕೂರಿಸಿದಳು, ಪಿನ್ ಹಾಕಿದಳು, ಚಕ್ರ ಏರಿಸಿ ಬಿಗಿದಳು. ವರ್ಷಗಟ್ಟಲೆ ನೋಡಿ ನೋಡಿ ಎಲ್ಲ ಗೊತ್ತಿತ್ತು ಅವಳಿಗೆ. ಕ್ಲಿಪ್ಪಿಗಾಗಿ ಕೈ ಚಾಚಿದಳು, ಕೊಟ್ಟೆ, ಅದನ್ನೂ ತಾನೇ ಹಾಕಿದಳು. "ಮೇಷ್ಟ್ರೇ, ಬನ್ನಿ" ಎಂದಳು. ಅವರು ನನ್ನ ಕಡೆ ತಿರುಗಿ ಹಿಂದೆಮುಂದೆ ನೋಡಿದರು. "ಬನ್ನಿ ಅಂದೆನಲ್ಲ."

ಕಾರು ಹೋಯಿತು. ನಾನು ಬೇಲಿಯ ಪಕ್ಕದಲ್ಲೇ ನಡೆದು, ಉದ್ದ ದಾರಿಯಲ್ಲಿ ತಿರುವಿಗೆ ತುಸು ಮೊದಲೇ ನಿಂತೆ. ಅತ್ತೆಯೂ ಬುಟ್ಟಿ ಹಿಡಿದು ಹಿಂದೆಯೇ ಬಂದರು. ಅವಳು ಹಿಂದೆಲ್ಲ ಬ್ರೇಕ್ ಮುಟ್ಟುತ್ತಿದ್ದ ಜಾಗ ನನಗೆ ಗೊತ್ತು, ಅಲ್ಲಿ ಕಾರಿನ ಹಿಂದಿನ ಕೆಂಪು ದೀಪ ಎರಡು ಸಲ ಮಿಣುಕುತ್ತಿತ್ತು. ಈಗ ಕಾರು ಆ ಜಾಗ ದಾಟಿತು. ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಇನ್ನೂ ಬಂತು, ಇನ್ನೂ ಬಂತು, ನನ್ನನ್ನು ದಾಟಿದ ಮೇಲೆ ದೀಪ ಒಂದೇ ಸಲ ಹತ್ತಿತು, ಡಿಸ್ಕು ಚಕ್ರದೊಳಗೆ ಕೆಂಡದ ಹಾಗೆ ಹೊಳೆಯಿತು, ಕಾರು ಹೇಳಿದ ಮಾತು ಕೇಳುವ ಹಾಗೆ ತಿರುಗಿ ಹೋಯಿತು. ಮೈಮೇಲಿನ ನೂಲು ಒಂದೂ ಕುಣಿಯಲಿಲ್ಲ.

ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳು! ನೋಡಿ ಹೆಮ್ಮೆಯಾಗಬೇಕಿತ್ತು. ಆಯಿತು ಕೂಡ, ಆದರೆ ಹೊಟ್ಟೆಕಿಚ್ಚಿನ ಕೆಳಗೆ ಆಯಿತು. ಅವಳು ಹೆದರಿಕೆ ಬಿಟ್ಟ ಗಳಿಗೆಯಲ್ಲಿ ಪಕ್ಕದಲ್ಲಿ ಕೂತಿದ್ದವನು ಬೇರೆಯವನು. ಅದನ್ನು ಯಾವ ಪ್ಯಾಡು ನೋಡಿದರೂ ನಾನು ಮರಳಿ ಪಡೆಯಲಾರೆ.

"ಆ ಸೀಟು ಇಷ್ಟು ವರ್ಷ ಖಾಲೀನೇ ಇತ್ತಲ್ಲ, ಅಳಿಯಂದ್ರೇ" ಎಂದರು ಅತ್ತೆ. ಚುಚ್ಚಲು ಹೇಳಿದ್ದಲ್ಲ, ಅವರ ದನಿಯಲ್ಲಿ ಮರುಕವಿತ್ತು. ನನಗೆ ಚುಚ್ಚಿದ್ದು ಅದೇ.

ಕಾರು ವಾಪಸ್ ಮಾಡಿನೊಳಗೆ ಬಂದಾಗ ನಾನು ಓಡಿ ಬಂದೆ. ಮೊದಲು ಮೇಷ್ಟ್ರ ಹತ್ತಿರ ಹೋಗಿ, "ತಪ್ಪಾಯ್ತು" ಎಂದೆ. "ಪರವಾಗಿಲ್ಲ ಸಾರ್" ಎಂದು ಅವರು ದೂರ ಹೋಗಿ ರೆಕ್ಕೆಯ ಹಿಂದೆ ನಿಂತರು. ಆಮೇಲೆ ಹೆಂಡತಿಯ ಕಡೆ ತಿರುಗಿದೆ. ಕೈಗೆ ಗೊತ್ತಿದ್ದ ಕೆಲಸ ಒಂದೇ. ಸ್ಪ್ಯಾನರ್ ತೆಗೆದುಕೊಂಡು ಮುಂದಿನ ಚಕ್ರದ ಪಕ್ಕ ಕುಕ್ಕರಿಸಿದೆ. ಈಗ ಪ್ಯಾಡು ನೋಡಿ ಸರಿಯಾಗಿ ಹೇಳುತ್ತೇನೆ, ಒಂದೊಂದು ತಿರುವನ್ನೂ ಹೇಳುತ್ತೇನೆ, ಅವಳು ನಾಚಿ ನಗುವವರೆಗೂ ಹೇಳುತ್ತೇನೆ ಎಂದುಕೊಂಡೆ.

ಅವಳು ಬಂದು ನನ್ನ ಪಕ್ಕ ಕೂತಳು. ನನ್ನ ಕೈಯಿಂದ ಸ್ಪ್ಯಾನರ್ ಬಿಡಿಸಿಕೊಂಡಳು. ಚಕ್ರ ಬಿಚ್ಚಿ ಪಕ್ಕಕ್ಕಿಟ್ಟು, ಪಿನ್ನಿಗೆ ಕೈ ಹಾಕಿದವಳು ತಡೆದು ನನ್ನ ಕಡೆ ನೋಡಿದಳು.

"ಆ ಕಡೆ ತಿರುಗು" ಎಂದಳು.

"ಏನು?"

"ನಾನು ಪ್ಯಾಡ್ ನೋಡ್ಬೇಕು. ನೀನು ಆ ಕಡೆ ತಿರುಗು."

ಮದುವೆಯಾದ ಹೊಸತರಲ್ಲಿ, ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸುವಾಗಲೂ ಅವಳು ನನಗೆ ಆ ಮಾತು ಹೇಳಿದವಳಲ್ಲ. ನಾನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದೆ ಪಿನ್ ಎಳೆದ ಸದ್ದು ಕೇಳಿಸಿತು, ಆಮೇಲೆ ಪ್ಯಾಡು ಹೊರಬಂದ ಸದ್ದು.